ನವಿಲಾಗಿಹೋದ ಗೋಡೆ

ಮೊನ್ನೆ ಶಾಲೆಯಿಂದ ಫೋನ್ ಬಂತು. ಮಾತಾಡಿದವರು ಹೊಸದಾಗಿ ಸೇರಿದ ಟೀಚರು. “ಸಾರ್, ನಮ್ ಕ್ರಾಫ್ಟ್ ಮಿಸ್ ತೀರ್ಕೊಂಡ್ರಲ್ಲ, ಸ್ಕೂಲ್ ಮ್ಯಾಗಜೀನ್‌ಗೆ ಎರಡು ಪ್ಯಾರಾ ಬೇಕಿತ್ತು. ನೀವು ಅವ್ರ ಜತೆ ತುಂಬಾ ವರ್ಷ ಕೆಲ್ಸ ಮಾಡಿದ್ರಂತಲ್ಲ. ಸದಾ ನಗುಮುಖ, ಮಕ್ಕಳು ಅಂದ್ರೆ ಪ್ರಾಣ, ಆ ಥರ ಏನಾದ್ರೂ ಬರ್ಕೊಟ್ರೆ ಸಾಕು” ಎಂದರು. ಆ ಥರ ಬರೆಯಲು ನಾನೇ ಆಗಬೇಕೇ? ಕ್ರಾಫ್ಟ್ ಮಿಸ್ಸನ್ನು ಕಣ್ಣಿಂದಲೂ ನೋಡದ ಆ ಟೀಚರು ಇನ್ನೂ ಸಲೀಸಾಗಿ ಬರೆಯುತ್ತಿದ್ದರು. ಆಗುವುದಿಲ್ಲ ಎಂದು ಹೇಳಿ ಫೋನಿಟ್ಟೆ. ಇಟ್ಟ ಮೇಲೂ ಮೈಯೆಲ್ಲ ಉರಿಯುತ್ತಲೇ ಇತ್ತು.

ನಗುಮುಖವಂತೆ! ಹದಿನೈದು ವರ್ಷ ಸ್ಟಾಫ್ ರೂಮಿನ ಒಂದೇ ಬೆಂಚಿನಲ್ಲಿ ಅವರ ಪಕ್ಕ ಕೂತವನು ನಾನು. ಅವರು ನಕ್ಕ ಸಲಗಳನ್ನು ಬೆರಳಲ್ಲಿ ಎಣಿಸಿ ಹೇಳಬಲ್ಲೆ, ಅದಕ್ಕೆ ಒಂದು ಕೈ ಸಾಕು. ಮೂಗಿನ ತುದಿಯಲ್ಲೇ ಕೋಪ. ಆ ಕೋಪ ನನಗೆ ಇಷ್ಟವಾಗಿತ್ತು, ಏಕೆಂದರೆ ಅದು ಯಾವತ್ತೂ ತಪ್ಪಿದವರನ್ನು ಬಿಟ್ಟು ಬಡಪಾಯಿಯ ಮೇಲೆ ಬೀಳುತ್ತಿರಲಿಲ್ಲ. ಒಂದೇ ಒಂದು ಸಲ ಮಾತ್ರ ಅದು ತಪ್ಪಿದವನನ್ನು ಬಿಟ್ಟುಬಿಟ್ಟಿತು. ಆ ತಪ್ಪಿದವನು ನಾನು. ಆ ಕತೆಗೆ ಬರುತ್ತೇನೆ. ಅವರ ಹೆಸರನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಬರೆದರೆ ಶಾಲೆಯವರು ಅದನ್ನೊಂದು ಕಪ್ಪು ಕಲ್ಲಿನ ಮೇಲೆ ಕೆತ್ತಿಸಿ, ಹಾರ ಹಾಕಿ, ಕೈ ತೊಳೆದುಕೊಂಡಾರು.

ನಾನು ದೊಮ್ಮಲೂರಿನವನು. ನಮ್ಮಜ್ಜ ರಾಗಿ ಬೆಳೆಯುತ್ತಿದ್ದ ಹೊಲದ ಮೇಲೆ ಈಗ ಯಾರದೋ ಗಾಜಿನ ಆಫೀಸಿದೆ. ತೊಂಬತ್ತರ ದಶಕದ ಮೊದಲಲ್ಲಿ ಫ್ರೇಜರ್ ಟೌನಿನ ಆ ಇಂಗ್ಲಿಷ್ ಶಾಲೆಗೆ ಕನ್ನಡ ಮೇಷ್ಟ್ರಾಗಿ ಸೇರಿದೆ. ಅಲ್ಲಿ ಕನ್ನಡ ಪೀರಿಯಡ್ ಎಂದರೆ ಡೆಸ್ಕಿನ ಕೆಳಗೆ ಟಿಫನ್ ಡಬ್ಬಿ ಬಿಚ್ಚುವ ಹೊತ್ತು. ಕನ್ನಡಕ್ಕಿಂತ ಕೆಳಗೆ ಏನಾದರೂ ಇದ್ದರೆ ಅದು ಕ್ರಾಫ್ಟು. ಗಣಿತದ ಪಾಠ ಮುಗಿಯದಿದ್ದರೆ ಕ್ರಾಫ್ಟ್ ಪೀರಿಯಡ್ಡನ್ನು ಕೇಳದೆ ಎತ್ತಿಕೊಳ್ಳುತ್ತಿದ್ದರು. ಹಾಗಾಗಿ ಸ್ಟಾಫ್ ರೂಮಿನಲ್ಲಿ ನೀರಿನ ಫಿಲ್ಟರಿನ ಪಕ್ಕದ ಬೆಂಚು ನಮ್ಮಿಬ್ಬರಿಗೆ ಸಿಕ್ಕಿತು. ನೀರು ಕುಡಿಯಲು ಬಂದವರೆಲ್ಲ ನಮ್ಮ ಪುಸ್ತಕಗಳ ಮೇಲೆ ಲೋಟ ಕೊಡವಿ ಹೋಗುತ್ತಿದ್ದರು.

ಸೇರಿದ ಮೊದಲ ವಾರದಲ್ಲೇ ಒಂದು ದಿನ, ಪಕ್ಕದಲ್ಲಿ ಕೂತ ಈ ಹೆಂಗಸು ರಟ್ಟಿನ ಚೂರೊಂದನ್ನು ನಾಲಗೆಗೆ ಮುಟ್ಟಿಸಿ, ಎತ್ತಿ ಹಿಡಿದು, ಕಣ್ಣು ಕಿರಿದು ಮಾಡಿ ನೋಡುತ್ತಿದ್ದರು. ನಾನು ಗಾಬರಿಯಾಗಿ ಜರುಗಿ ಕೂತೆ.

“ನಾರು ನೋಡ್ತಿದೀನಿ ಸಾರ್, ಹುಚ್ಚು ಹಿಡ್ದಿಲ್ಲ” ಎಂದರು. “ಕಾಗ್ದಕ್ಕೂ ನಾರಿರತ್ತೆ. ಒದ್ದೆ ಆದ್ರೆ ಯಾವ್ ಕಡೆ ಸುರುಳಿ ಸುತ್ಕೊಳತ್ತೆ, ನೋಡಿ. ನಾರಿನ ಜತೆ ಮಡಿಚಿದ್ರೆ ಮಾತು ಕೇಳತ್ತೆ, ಅಡ್ಡ ಮಡಿಚಿದ್ರೆ ಸಿಡಿದ್ಹೋಗತ್ತೆ. ನಮ್ ಹೆಡ್ ಮಿಸ್‌ಗೆ ಇದು ಗೊತ್ತಿಲ್ಲ. ಎಲ್ಲಾ ಮಕ್ಳನ್ನೂ ಅಡ್ಡಡ್ಡ ಮಡಿಚ್ತಾರೆ.”

ಅವರು ಹುಟ್ಟಿದ್ದು ಶಿವಾಜಿನಗರದ ಒಂದು ಗಲ್ಲಿಯಲ್ಲಿ. ಮನೆಮಂದಿಯೆಲ್ಲ ಕೂತು ಡಬ್ಬ ಮಾಡುತ್ತಿದ್ದ ಮನೆ: ಚಪ್ಪಲಿ ಡಬ್ಬ, ಮಿಠಾಯಿ ಡಬ್ಬ, ಬಳೆ ಡಬ್ಬ. ಅಕ್ಷರ ಕಲಿಯುವ ಮೊದಲು ರಟ್ಟಿಗೆ ಗೆರೆ ಒತ್ತುವುದನ್ನು ಕಲಿತಿದ್ದರು. ಮನೆಯಲ್ಲಿ ದಖನಿ ಉರ್ದು, ಬೀದಿಯಲ್ಲಿ ತಮಿಳು, ನನ್ನ ಜತೆ ಕನ್ನಡ, ಮ್ಯಾನೇಜ್‌ಮೆಂಟ್ ಜತೆ ಮೌನ. ಮೊಂಡಾದ ಒಂದು ಸ್ಟೀಲ್ ಚಮಚ ಅವರ ಬ್ಯಾಗಿನಲ್ಲಿ ಸದಾ ಇರುತ್ತಿತ್ತು. ಅದರ ಹಿಡಿಯಿಂದ ಗೆರೆ ಎಳೆದರೆ ಸಾಕು, ಎಂಥ ದಪ್ಪ ರಟ್ಟೂ ಬಿರುಕು ಬಿಡದೆ ಬಾಗುತ್ತಿತ್ತು.

ಅವರಿಗೆ ಆಗದ ವಸ್ತು ಥರ್ಮೋಕೋಲು. ಆ ಕಾಲದ ಶಾಲೆಗಳಿಗೆ ಥರ್ಮೋಕೋಲಿನ ಹುಚ್ಚು ಹಿಡಿದಿತ್ತು. ಪ್ರತಿ ವರ್ಷ ಎಕ್ಸಿಬಿಷನ್ ಬಂದರೆ ಇಪ್ಪತ್ತು ವಿಧಾನಸೌಧ, ಹತ್ತು ತಾಜಮಹಲು, ಎಲ್ಲಕ್ಕೂ ಮಿನುಗು ಪುಡಿ. ಎಲ್ಲವನ್ನೂ ಮಾಡಿದವರು ಅಪ್ಪಂದಿರು, ಇಲ್ಲವೇ ಅಪ್ಪಂದಿರು ಹೇಳಿ ಮಾಡಿಸಿದ ಅಂಗಡಿಯವರು. ಒಂದು ವರ್ಷ ಕ್ರಾಫ್ಟ್ ಮಿಸ್ಸು ಮಾರ್ಕ್ಸ್ ಪಟ್ಟಿಯಲ್ಲಿ ಇನ್ನೊಂದು ಕಾಲಂ ಎಳೆದರು. ಐದನೇ ಕ್ಲಾಸಿನ ಹುಡುಗಿಯೊಬ್ಬಳ ವಿಧಾನಸೌಧಕ್ಕೆ “ತಂದೆಗೆ ಅರವತ್ತು, ಮಗಳಿಗೆ ಸೊನ್ನೆ” ಎಂದು ಬರೆದು ಮನೆಗೆ ಕಳಿಸಿದರು. ತಂದೆ ಮಾರನೇ ದಿನ ಕಾರಿನಲ್ಲಿ ಬಂದು ಕೂಗಾಡಿದ. ಮಿಸ್ಸು ಆತನ ಮುಂದೆ ಒಂದು ರಟ್ಟಿನ ಹಾಳೆ ಇಟ್ಟು, “ಕೂತ್ಕೊಳಿ ಸಾರ್, ನೀವೇ ಒಂದು ಡಬ್ಬ ಮಾಡಿ, ಅರವತ್ತನ್ನ ಎಂಬತ್ತು ಮಾಡ್ತೀನಿ” ಎಂದರು. ನಾನು ಫಿಲ್ಟರಿನ ಹಿಂದೆ ಮುಖ ಮುಚ್ಚಿಕೊಂಡು ನಕ್ಕೆ. ಮಿಸ್ಸು ನಗಲಿಲ್ಲ.

ಇಂಥವರು ಮನೆಯಲ್ಲಿ ಏನು ಮಾಡುತ್ತಿದ್ದರು ಎಂಬುದು ನನಗೆ ಗೊತ್ತಾದದ್ದು ಎರಡು ವರ್ಷದ ಮೇಲೆ. ರಂಜಾನಿಗೆ ಕರೆದಿದ್ದರು. ಅಕ್ಕತಂಗಿ ಇಬ್ಬರೇ ಇದ್ದ ಆ ಪುಟ್ಟ ಮನೆಯ ಗೋಡೆಗಳ ಮೇಲೆಲ್ಲ ರಟ್ಟು ಮತ್ತು ಕಾಗದದ ಉಬ್ಬುಕೆಲಸ. ಹೂವಿಲ್ಲ, ಹಕ್ಕಿಯಿಲ್ಲ, ಮಸೀದಿಯಿಲ್ಲ. ಬರೀ ಮಡಿಕೆ, ಏಣು, ತಗ್ಗು. ಒಂದರ ಬೆನ್ನಿಗೆ ಇನ್ನೊಂದು ಎದ್ದು, ಬಾಗಿ, ಎಲ್ಲೋ ಒಂದು ಕಡೆ ಸುಮ್ಮನಾಗುತ್ತಿದ್ದವು. ಎಲ್ಲಕ್ಕೂ ಸೀಮೆಸುಣ್ಣದ ಪುಡಿ ಮತ್ತು ಗೋಂದು ಕಲಸಿ ಬಳಿದ ಒಂದೇ ಬಿಳಿ. ಕಿಟಕಿಯ ಬೆಳಕು ಪಕ್ಕದಿಂದ ಬಿದ್ದಲ್ಲಿ ಮಾತ್ರ ನೆರಳುಗಳು ಸಾಲುಸಾಲಾಗಿ ನಿಂತಿದ್ದವು. ಶೀರ್ ಕುರ್ಮಾ ಪಾಯಸದ ಬಟ್ಟಲು ಹಿಡಿದುಕೊಂಡು ನೋಡುತ್ತ ನಿಂತೆ.

“ಡಬ್ಬ ಮಾಡಿದ್ರೆ ಒಳಗೆ ಏನಿಡ್ತೀಯ ಅಂತ ಕೇಳ್ತಾರೆ ಸಾರ್” ಎಂದರು. “ಹುಟ್ಟಿದಾಗಿಂದ ಬೇರೆಯವ್ರ ಚಪ್ಪಲಿಗೆ, ಬೇರೆಯವ್ರ ಮಿಠಾಯಿಗೆ ಡಬ್ಬ ಮಾಡಿದೀನಿ. ಇದರೊಳಗೆ ಯಾರೂ ಏನೂ ಇಡಕ್ಕಾಗಲ್ಲ. ಅದಕ್ಕೇ ಮಾಡ್ತೀನಿ.”

ಶಾಲೆಯ ದೊಡ್ಡ ಹಾಲಿನಲ್ಲಿ ಒಂದು ಗೋಡೆಯಿತ್ತು. ಹಳೇ ಬಂಗಲೆಯ ಗೋಡೆ, ಗಾರೆ ಕಿತ್ತು ತೇಪೆ ಹಾಕಿ ಅಸಹ್ಯವಾಗಿತ್ತು. ಅದರ ಪಕ್ಕದಲ್ಲಿ ಪೂರ್ವಕ್ಕೆ ತೆರೆಯುವ ಉದ್ದನೆಯ ಕಿಟಕಿ. ಆ ಗೋಡೆಯನ್ನು ನನಗೆ ಕೊಡಿ ಎಂದು ಮಿಸ್ಸು ಕೇಳಿದರು. ತೇಪೆ ಮುಚ್ಚಿದರೆ ಸಾಕೆಂದು ಸೆಕ್ರೆಟರಿ ಒಪ್ಪಿದರು. ಸೆಕ್ರೆಟರಿ ಎಂದರೆ ಶಾಲೆಯ ಯಜಮಾನರು. ಚಾಕ್‌ಪೀಸಿನಿಂದ ಹಿಡಿದು ದೇವರವರೆಗೆ ಎಲ್ಲದಕ್ಕೂ ಅವರದೇ ಸಹಿ.

ಒಂದು ಇಡೀ ವರ್ಷ, ಶಾಲೆ ಬಿಟ್ಟ ಮೇಲೆ ದಿನಾ ಎರಡು ತಾಸು. ಇಂದಿರಾನಗರದ ಅಂಗಡಿಗಳ ಮುಂದೆ ಕಾದು ಫ್ರಿಜ್ಜಿನ ಖಾಲಿ ಪೆಟ್ಟಿಗೆಗಳನ್ನು ತರುತ್ತಿದ್ದರು. ಬಸ್ಸಿನಲ್ಲಿ ಅವನ್ನು ಸಾಗಿಸುವಾಗ ಕಂಡಕ್ಟರುಗಳ ಜತೆ ಜಗಳ. ಶೆಡ್ಡಿನಲ್ಲಿ ಸೀಮೆಎಣ್ಣೆ ಸ್ಟೋವಿನ ಮೇಲೆ ಮೈದಾ ಅಂಟು ಕಾಯಿಸಿ, ಹುಳ ಬೀಳದಿರಲೆಂದು ಮೈಲುತುತ್ತ ಹಾಕುತ್ತಿದ್ದರು. ಗೋಡೆಗೆ ನೇರವಾಗಿ ಅಂಟಿಸಲಿಲ್ಲ. ಹಳೇ ಸುಣ್ಣದ ಗೋಡೆ ಉಸಿರಾಡುತ್ತದೆ, ಅದರ ಬಾಯಿ ಮುಚ್ಚಬಾರದು ಎಂದು ಮರದ ಪಟ್ಟಿ ಹೊಡೆದು ಒಂದು ಅಂಗುಲ ಬಿಟ್ಟು ಕೂರಿಸಿದರು. ಏಣಿ ಹಿಡಿಯುವ ಕೆಲಸ ನನ್ನದು. ನಾಲ್ಕು ಸಲ ಬೈಸಿಕೊಂಡಿದ್ದೇನೆ, ಒಂದು ಸಲ ತಲೆಯ ಮೇಲೆ ಅಂಟು ಬಿದ್ದಿದೆ. ಈಗ ನೆನೆದರೆ ಆ ಶಾಲೆಯಲ್ಲಿ ನಾನು ಮರ್ಯಾದೆಯಾಗಿ ಮಾಡಿದ ಕೆಲಸ ಅದೊಂದೇ.

ಮುಗಿದ ದಿನ ಬೆಳಗಿನ ಪ್ರಾರ್ಥನೆಯ ಹೊತ್ತಿಗೆ ಬಿಸಿಲು ಕಿಟಕಿಯಿಂದ ಅಡ್ಡಲಾಗಿ ಬಂತು. ಹದಿನಾರು ಅಡಿ ಬಿಳಿ ಗೋಡೆಯ ಮೇಲೆ ನೆರಳುಗಳು ಉದ್ದವಾಗಿ ಎದ್ದು, ಪ್ರಾರ್ಥನೆ ಮುಗಿಯುವಷ್ಟರಲ್ಲಿ ಸ್ವಲ್ಪ ಸರಿದವು. ಗಲಾಟೆ ಮಾಡುವ ಏಳನೇ ಕ್ಲಾಸಿನವರೂ ಆ ದಿನ ಬಾಯಿ ತೆರೆಯಲಿಲ್ಲ. ಮಿಸ್ಸು ಕಂಬದ ಪಕ್ಕ ನಿಂತು ನೋಡುತ್ತಿದ್ದರು. ಅವರು ನಕ್ಕ ಸಲಗಳಲ್ಲಿ ಅದೊಂದು.

ಅದು ಉಳಿದದ್ದು ಒಂದು ತಿಂಗಳು. ಮೊದಲು ಬಂದವರು ಒಬ್ಬ ತಂದೆ. ಅದು ಉರ್ದು ಅಕ್ಷರ, ಮಕ್ಕಳಿಗೆ ಏನೋ ಓದಿಸುತ್ತಿದ್ದೀರಿ ಎಂದರು. ಅದರ ಮರುವಾರ ಮಸೀದಿ ಪಕ್ಕದ ಮಾಸ್ಕ್ ರೋಡಿನಿಂದ ಇನ್ನೊಬ್ಬ ತಂದೆ ಬಂದು, ಬಲಮೂಲೆಯಲ್ಲಿ ವಿಗ್ರಹದ ಮುಖ ಕಾಣುತ್ತದೆ, ನಮ್ಮ ಹುಡುಗ ಅದರ ಮುಂದೆ ಕೈ ಮುಗಿದು ನಿಲ್ಲುವುದು ಸರಿಯಲ್ಲ ಎಂದರು. ಮೂರನೆಯವರಿಗೆ ದೇವರು ಕಾಣಲಿಲ್ಲ, ವಾಸ್ತು ಕಂಡಿತು. ಮುದುಡಿದ ಗೋಡೆ ಇದ್ದರೆ ಮಕ್ಕಳ ಬುದ್ಧಿ ಮುದುಡುತ್ತದಂತೆ. ಏನೂ ಇಲ್ಲದ ಒಂದು ಗೋಡೆಯನ್ನು ಇಷ್ಟು ಜನ ಸಹಿಸಲಾರರು ಎಂದು ನನಗೆ ಅಲ್ಲಿಯ ತನಕ ಗೊತ್ತಿರಲಿಲ್ಲ. ಇವತ್ತಿಗೂ ಅವರ ಮುಖಗಳು ನೆನಪಿವೆ, ಇವತ್ತಿಗೂ ಕೆನ್ನೆಗೆ ಬಾರಿಸಬೇಕೆನಿಸುತ್ತದೆ.

ಸೆಕ್ರೆಟರಿ ಮಿಸ್ಸನ್ನು ಕರೆಸಿದರು. ವಾಪಸು ಬಂದವರ ಕಿವಿ ಕೆಂಪಾಗಿತ್ತು.

“ಏನಾದ್ರೂ ಒಂದು ಮಾಡಿ ಅಂತಾರೆ ಸಾರ್. ವೀಣೆ ಮಾಡಿ, ಪುಸ್ತಕ ಮಾಡಿ, ಇಂಡಿಯಾ ಮ್ಯಾಪ್ ಮಾಡಿ. ನಾನು ಹೇಳ್ದೆ, ಬೇಡ ಅಂದ್ರೆ ಹೇಳಿ, ನಾನೇ ಕಿತ್ತು ಕೊಡ್ತೀನಿ. ಒಂದು ದಿನ ಸಾಕು ನಂಗೆ. ಕಿತ್ತು ಹಾಕೋದು ಓಕೆ. ಅದನ್ನ ಏನೋ ಒಂದು ಮಾಡೋದು ಬೇಡ.” ನನ್ನ ಕಡೆ ತಿರುಗಿ ಮತ್ತೆ ಅದನ್ನೇ ಹೇಳಿದರು: “ಕಿತ್ತು ಹಾಕ್ಲಿ. ಏನೋ ಒಂದು ಮಾಡ್ಬಾರ್ದು.”

ಇದನ್ನು ನಾನು ಕಿವಿಯಾರೆ ಕೇಳಿದ್ದೇನೆ. ಗೊತ್ತಿರಲಿಲ್ಲ ಎಂದು ಹೇಳಲು ನನಗೆ ದಾರಿಯಿಲ್ಲ.

ಶುಕ್ರವಾರ ಸೆಕ್ರೆಟರಿ ನನ್ನನ್ನು ಕರೆಸಿದರು. ಅಷ್ಟು ವರ್ಷದಲ್ಲಿ ಅವರ ರೂಮಿನಲ್ಲಿ ನನಗೆ ಕುರ್ಚಿ ತೋರಿಸಿದ್ದು ಅದೇ ಮೊದಲು. ಕಾಫಿ ಬಂತು, ಬಿಸ್ಕತ್ತೂ ಬಂತು.

“ಮಾಸ್ಟ್ರೇ, ನೀವು ಕಲ್ಚರ್ ಗೊತ್ತಿರೋರು. ಯು ಟೆಲ್ ಮಿ. ಯಾರಿಗೂ ಪ್ರಾಬ್ಲಮ್ ಆಗ್ಬಾರ್ದು, ಗೋಡೇನೂ ವೇಸ್ಟ್ ಆಗ್ಬಾರ್ದು. ಏನ್ ಮಾಡ್ಬೋದು?”

ನನ್ನ ಅಭಿಪ್ರಾಯವನ್ನು ಆ ಶಾಲೆಯಲ್ಲಿ ಯಾರಾದರೂ ಕೇಳಿದ್ದು ಅದೇ ಮೊದಲು. ಎದೆ ಉಬ್ಬಿತು. ಮಿಸ್ಸು ಹೇಳಿದ್ದು ನೆನಪಿಲ್ಲದೆ ಇರಲಿಲ್ಲ. ಆದರೂ ಕಿತ್ತು ಹಾಕುವುದಕ್ಕಿಂತ ಉಳಿಸುವುದು ಮೇಲಲ್ಲವೇ ಎಂದು ಒಳಗೊಳಗೇ ಒಂದು ವಾದ ಹೂಡಿಕೊಂಡೆ. ಗೋಡೆಯ ಎಡಮೇಲ್ತುದಿಯಿಂದ ಬಲಕ್ಕೆ ಬೀಸಣಿಗೆಯ ಹಾಗೆ ಹರಡಿದ ಏಣುಗಳಿದ್ದವು. “ನವಿಲು ಮಾಡಬಹುದು ಸಾರ್” ಎಂದೆ. “ರಾಷ್ಟ್ರಪಕ್ಷಿ. ಯಾರೂ ತಕರಾರು ಮಾಡಲ್ಲ. ಬಣ್ಣ ಹೊಡೆದು ಒಂದು ಕಣ್ಣಿಟ್ರೆ ಆಯ್ತು.”

“ಬ್ರಿಲಿಯಂಟ್!” ಎಂದು ಸೆಕ್ರೆಟರಿ ಮೇಜು ತಟ್ಟಿದರು. ಆ ಒಂದು ಮಾತಿನ ಮೇಲೆ ನಾನು ಮನೆಯ ತನಕ ಗಾಳಿಯಲ್ಲಿ ನಡೆದುಕೊಂಡು ಹೋದೆ. ಥೂ!

ಭಾನುವಾರ ಹಲಸೂರಿನಿಂದ ಬೋರ್ಡ್ ಬರೆಯುವ ಪೇಂಟರ್ ಬಂದ. ಉಸ್ತುವಾರಿಗೆ ನನ್ನನ್ನೇ ನಿಲ್ಲಿಸಿದ್ದರು. ಆತ ಕಸುಬು ಬಲ್ಲವನು. ಗೋಡೆಯ ಮುಂದೆ ಸ್ವಲ್ಪ ಹೊತ್ತು ನಿಂತು, ತಲೆ ಕೆರೆದುಕೊಂಡು, “ಯಾರ್ ಸಾರ್ ಇದು ಮಾಡಿದ್ದು? ಚೆನ್ನಾಗೇ ಇದ್ಯಲ್ಲ” ಎಂದ. ಶುರು ಮಾಡಿ ಎಂದೆ. ಹಸಿರು, ನೀಲಿ ಎನಾಮಲ್ ಡಬ್ಬಿ ತೆರೆದ. ಅರ್ಧ ತಾಸಿಗೆ ನಿಲ್ಲಿಸಿದ.

“ಸಾರ್, ಈ ಮಡಿಕೆ ಒಳಗೆ ಬ್ರಶ್ ಹೋಗಲ್ಲ. ಅಲ್ಲಲ್ಲಿ ಬಿಳಿ ನಿಂತ್ಕೊಂಡ್ಬಿಡತ್ತೆ. ಪುಟ್ಟಿ ಹಾಕಿ ಅಡಚ್ಬಿಡ್ಲಾ? ಲೆವೆಲ್ ಬರತ್ತೆ.”

ಒಂದು ವರ್ಷ ಏಣಿ ಹಿಡಿದವನು ನಾನು. ಆ ಒಂದೊಂದು ಮಡಿಕೆಗೂ ಎಷ್ಟು ಸಲ ನಾಲಗೆಗೆ ರಟ್ಟು ಮುಟ್ಟಿಸಿದ್ದರು, ಎಷ್ಟು ಸಲ ಕಿತ್ತು ಮತ್ತೆ ಮಡಿಚಿದ್ದರು ಎಂದು ಕಣ್ಣಾರೆ ಕಂಡವನು. ಬೇಡ ಎನ್ನಬಹುದಿತ್ತು. ಬಣ್ಣವನ್ನಾದರೂ ಯಾವತ್ತಾದರೂ ಕೆರೆದು ತೆಗೆಯಬಹುದು, ಪುಟ್ಟಿ ಒಳಗೆ ಹೋದರೆ ಮುಗಿಯಿತು. ಆತ ಕರಣಿ ಹಿಡಿದು ನನ್ನ ಮುಖ ನೋಡುತ್ತಿದ್ದ. “ತುಂಬಿಸಿ” ಎಂದೆ.

ಸೋಮವಾರ ಬೆಳಿಗ್ಗೆ ಮಕ್ಕಳು ಚಪ್ಪಾಳೆ ತಟ್ಟಿದರು. “ನವಿಲು! ನವಿಲು!” ಎಂದು ಕುಣಿದರು. ಅವರ ತಪ್ಪಲ್ಲ. ಮಿಸ್ಸು ಎಂದಿನಂತೆ ಬಸ್ಸಿಳಿದು ಬಂದವರು ಬಾಗಿಲಲ್ಲಿ ನಿಂತರು. ಅದೇ ಕಿಟಕಿ, ಅದೇ ಬಿಸಿಲು. ಗೋಡೆಯ ಮೇಲೆ ಒಂದು ನೆರಳೂ ಇರಲಿಲ್ಲ, ಎನಾಮಲ್ ಫಳಫಳ ಹೊಳೆಯುತ್ತಿತ್ತು. ಬಲಮೂಲೆಯಲ್ಲಿ ಒಂದು ದಪ್ಪ ಕಪ್ಪು ಕಣ್ಣು. ಅವರು ಹತ್ತಿರ ಹೋಗಿ ಮಡಿಕೆ ಇದ್ದಲ್ಲಿ ಬೆರಳಿಟ್ಟರು. ಬೆರಳು ಒಳಗೆ ಹೋಗಲಿಲ್ಲ. ಇನ್ನೊಂದರಲ್ಲಿ ಇಟ್ಟರು, ಅಲ್ಲೂ ಹೋಗಲಿಲ್ಲ. ಹೀಗೇ ಗೋಡೆಯ ಉದ್ದಕ್ಕೂ ಬೆರಳಿಡುತ್ತ ಹೋದರು. ಪ್ರಾರ್ಥನೆಯ ಗಂಟೆ ಹೊಡೆಯಿತು, ಮಕ್ಕಳು ಸಾಲು ನಿಂತರು, ಮಿಸ್ಸು ಮಾತ್ರ ಗೋಡೆ ಮುಟ್ಟುತ್ತಲೇ ಇದ್ದರು.

ಸ್ಟಾಫ್ ರೂಮಿಗೆ ಬಂದು ಬಾಗಿಲಲ್ಲೇ ನಿಂತು ಕೇಳಿದರು: “ಯಾರು ತುಂಬಿಸಿದ್ದು?”

ಸೈನ್ಸ್ ಟೀಚರು ಬ್ಯಾಗು ಹುಡುಕಿದರು, ಹೆಡ್ ಮಿಸ್ಸು ರಿಜಿಸ್ಟರ್ ತಿರುಗಿಸಿದರು. ಅವರಿಗೆ ನಿಜಕ್ಕೂ ಗೊತ್ತಿರಲಿಲ್ಲ. ಗೊತ್ತಿದ್ದವನು ಕಾಪಿ ಪುಸ್ತಕ ತಿದ್ದುತ್ತಿದ್ದ. ಮಿಸ್ಸು ಬಂದು ಬೆಂಚಿನ ಮೇಲೆ ನನ್ನ ಪಕ್ಕದಲ್ಲಿ ಕೂತರು. ಅವರು ಕೇಳುವ ಮೊದಲೇ ಬಾಯಿ ತಾನಾಗಿ ಬಿಚ್ಚಿಕೊಂಡಿತು.

“ನಾನು ಬೇಡ ಅಂದೆ ಮಿಸ್. ಎಷ್ಟು ಹೇಳಿದ್ರೂ ಸೆಕ್ರೆಟರಿ ಕೇಳಲಿಲ್ಲ.”

ಅವರು ನನ್ನ ಮುಖ ನೋಡಿದರು. ಬೈಯುತ್ತಾರೆ ಎಂದುಕೊಂಡೆ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. “ನೀವೊಬ್ರಾದ್ರೂ ಅಂದ್ರಲ್ಲ ಸಾರ್” ಎಂದರು. ಕಣ್ಣಲ್ಲಿ ನೀರು ಬಂದಿತ್ತು, ಸೆರಗಿನಿಂದ ಒರೆಸಿಕೊಂಡು ಕ್ಲಾಸಿಗೆ ಹೋದರು.

ಆಮೇಲೆ ಅವರು ಸೆಕ್ರೆಟರಿಯ ಜತೆ ಒಂದು ಮಾತೂ ಆಡಲಿಲ್ಲ. ಹೆಡ್ ಮಿಸ್ಸಿಗೆ ಗುಡ್ ಮಾರ್ನಿಂಗ್ ನಿಲ್ಲಿಸಿದರು. ನವಿಲಿನ ಕೆಳಗೆ ದಿನಾ ನಡೆದು ಹೋದರೂ ತಲೆಯೆತ್ತಲಿಲ್ಲ. ಕ್ಲಾಸಿನಲ್ಲಿ ಬರೀ ಡಬ್ಬ ಮಾಡಿಸಿದರು: ಪೆನ್ಸಿಲ್ ಡಬ್ಬ, ಗಿಫ್ಟ್ ಡಬ್ಬ, ಮುಚ್ಚಳವಿರುವ ಡಬ್ಬ, ಇಲ್ಲದ ಡಬ್ಬ. ಮನೆಯಲ್ಲಿ ಏನಾದರೂ ಮಾಡುತ್ತಿದ್ದೀರಾ ಎಂದು ಒಂದು ಸಲ ಕೇಳಿದೆ. “ಇಲ್ಲ ಸಾರ್. ಕೈ ಬರಲ್ಲ” ಎಂದರು, ಅಷ್ಟೇ. ಪುಟ್ಟಿಗೆ ಕಾಗದದ ಜತೆ ಹಿಗ್ಗಿ ಕುಗ್ಗಲು ಬರುವುದಿಲ್ಲ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ನವಿಲಿನ ಕತ್ತು ಬಿರಿದು ಚಕ್ಕೆ ಉದುರತೊಡಗಿತು. ಕತ್ತಿಲ್ಲದ ನವಿಲು ಇನ್ನೂ ಹಲವು ವರ್ಷ ಅಲ್ಲೇ ಇತ್ತು. ಕಂಪ್ಯೂಟರ್ ರೂಮು ಕಟ್ಟುವಾಗ ಗೋಡೆಯ ಸಮೇತ ಹೋಯಿತು.

ಇಷ್ಟೂ ವರ್ಷ ನನ್ನ ಮೇಲೆ ಅವರಿಗಿದ್ದ ಪ್ರೀತಿ ಹೆಚ್ಚಾಯಿತೇ ಹೊರತು ಕಡಿಮೆಯಾಗಲಿಲ್ಲ. ನನಗೆ ಜ್ವರ ಬಂದರೆ ನನ್ನ ಕ್ಲಾಸು ನೋಡಿಕೊಂಡರು. ಪ್ರತಿ ರಂಜಾನಿಗೆ ಶೀರ್ ಕುರ್ಮಾ ತಂದರು, ನಾನು ತಿಂದೆ. ಅಳುಕದೆ, ನಾಚದೆ ತಿಂದೆ. ಹೇಳಲು ಹೋದ ದಿನಗಳೂ ಇದ್ದವು. ಇವತ್ತು ಬೇಡ, ಅವರ ಮೈ ಸರಿಯಿಲ್ಲ. ನಾಳೆ ಬೇಡ, ನಾಳೆ ಪರೀಕ್ಷೆ. ಹೇಡಿಗೆ ಪಂಚಾಂಗದಲ್ಲಿ ಒಳ್ಳೆಯ ದಿನವೇ ಸಿಗುವುದಿಲ್ಲ.

ಅವರು ತೀರಿಹೋದ ಸುದ್ದಿ ಬಂದ ದಿನ ನಾನು ಹೋಗಲಿಲ್ಲ. ಆ ಫೋನ್ ಬಂದ ಮಾರನೇ ದಿನ ರಾಮಮೂರ್ತಿ ನಗರಕ್ಕೆ ಹೊರಟೆ. ಶಿವಾಜಿನಗರ ಬಿಟ್ಟ ಮೇಲೆ ಅಕ್ಕತಂಗಿ ಅಲ್ಲೊಂದು ಬಾಡಿಗೆ ಮನೆಯ ಮಹಡಿಯಲ್ಲಿದ್ದರು. ತಂಗಿ ಬಾಗಿಲು ತೆರೆದು, ಗುರುತು ಹಿಡಿದು, ಒಳಗೆ ಕೂರಿಸಿ ಚಹಾ ಕೊಟ್ಟರು. ಗೋಡೆಗಳ ಮೇಲೆ ಏನೂ ಇರಲಿಲ್ಲ. ಹಳೆಯವನ್ನೆಲ್ಲ ಏನು ಮಾಡಿದಿರಿ ಎಂದು ಕೇಳಿದೆ.

“ಆಪಾ ಅದೇ ವರ್ಷ ಎಲ್ಲಾ ತೆಗ್ದು ಸುಟ್ಬಿಟ್ರು ಸಾರ್. ನಿಮ್ ಸ್ಕೂಲಲ್ಲಿ ಆ ನವಿಲು ಮಾಡಿದ್ರಲ್ಲ, ಆವಾಗ. ನಾನು ಎಷ್ಟು ಅತ್ತೆ. ಕೇಳ್ಲಿಲ್ಲ.” ಖಾಲಿ ಗೋಡೆಯ ಕಡೆ ಕೈ ತೋರಿಸಿ ಮುಂದುವರಿಸಿದರು. “ಆಸ್ಪತ್ರೇಲೂ ಅದೇ ಮಾತು. ಅಷ್ಟು ಜನದಲ್ಲಿ ಕನ್ನಡ ಸಾರ್ ಒಬ್ರೇ ಬೇಡ ಅಂದ್ರು, ಅವರೊಬ್ರೇ ನನ್ ಕಡೆ ನಿಂತಿದ್ರು ಅಂತ. ನೀವು ಬರ್ತೀರ ಅಂತ ನೋಡ್ತಿದ್ರು.”

ಚಹಾದ ಲೋಟ ಕೆಳಗಿಟ್ಟೆ. “ನಾನು ಬೇಡ ಅನ್ನಲಿಲ್ಲಮ್ಮ” ಎಂದೆ. “ನವಿಲು ಮಾಡಿ ಅಂದವನು ನಾನೇ. ಪುಟ್ಟಿ ತುಂಬಿಸಿ ಅಂದವನೂ ನಾನೇ. ಅವರ ಹತ್ರ ಸುಳ್ಳು ಹೇಳಿದೆ.”

ಆಕೆ ನನ್ನನ್ನೇ ನೋಡಿದರು. ಅಕ್ಕನದೇ ಕಣ್ಣು, ಅಕ್ಕನದೇ ಕೋಪ. ಇಷ್ಟು ವರ್ಷ ತಡವಾಗಿ ಅದು ನನ್ನ ಪಾಲಿಗೆ ಬಂದಿತ್ತು.

“ಅವರು ಇದ್ದಾಗ ಹೇಳ್ಲಿಲ್ಲ” ಎಂದರು. “ಈಗ ಕೈಕು, ಯಾಕ್ ಹೇಳ್ತೀರಿ ಸಾರ್? ನಿಮ್ಗೆ ಹಗುರ ಆಗ್ಲಿ ಅಂತಾನಾ? ನಮ್ ಆಪಾ ಪರವಾಗಿ ಒಬ್ರಾದ್ರೂ ಇದ್ರು ಅಂತ ನಾನು ಸಮಾಧಾನ ಮಾಡ್ಕೊಂಡಿದ್ದೆ. ಈಗ ಯಾರೂ ಇರ್ಲಿಲ್ಲ ಅಂತಾಯ್ತು.”

ಎದ್ದು ಚಪ್ಪಲಿ ಮೆಟ್ಟಿಕೊಂಡೆ. ಆಕೆ ನನ್ನ ಲೋಟವನ್ನು ಎತ್ತಿಕೊಂಡು ಒಳಗೆ ಹೋದರು.